ಐದು ವ್ಯಾಟಿನ ಸಂಕೇತವನ್ನು ಅಯಾನುಗೋಳ ನುಂಗಿಹಾಕುತ್ತದೆಯೇ?

ಐದುವ್ಯಾಟ್ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಹ್ಯಾಮ್ (ಹವ್ಯಾಸಿ) ರೇಡಿಯೊ ಪರವಾನಗಿ ಕೈಗೆ ಬಂದು ಆರು ತಿಂಗಳಾಯಿತು. ನನ್ನಲ್ಲಿರುವುದು ನಾನೇ ಬೆಸುಗೆ ಹಾಕಿ ಕಟ್ಟಿಕೊಂಡ ಐದು ವ್ಯಾಟಿನ ಮೋರ್ಸ್ ಸೆಟ್. ಆಂಟೆನಾ ಎಂದರೆ ಏಳು ಮೀಟರ್ ಎತ್ತರದಲ್ಲಿ ಕಟ್ಟಿದ ಎರಡು ಡೈಪೋಲ್ (ನಡುವೆ ಕೇಬಲ್ ಜೋಡಿಸಿದ ತಂತಿ), 40 ಮೀಟರ್ ತರಂಗಾಂತರದ ಬ್ಯಾಂಡಿಗೆ (7 ಮೆಗಾಹರ್ಟ್ಜ್) ಒಂದು, 20ಕ್ಕೆ (14 ಮೆಗಾಹರ್ಟ್ಜ್) ಒಂದು.

ಕಳೆದ ಭಾನುವಾರ ಮಧ್ಯಾಹ್ನ ಹನ್ನೆರಡರಿಂದ ಒಂದೂವರೆಯವರೆಗೆ 40 ಮೀಟರಿನಲ್ಲಿ ಸಿಕ್ಯೂ (ಯಾರಾದರೂ ಉತ್ತರಿಸಿ ಎಂಬ ಕರೆ) ಕರೆದೆ. ಒಂದು ಉತ್ತರವೂ ಬರಲಿಲ್ಲ. ಬೇರೆಯವರು ತಮ್ಮತಮ್ಮಲ್ಲಿ ಮಾತನಾಡುವುದು ಮಾತ್ರ ಕೇಳುತ್ತಿತ್ತು. ಸಂಜೆ ಐದೂವರೆಗೆ ಬೇಸರದಿಂದಲೇ 20 ಮೀಟರಿಗೆ ಹೋಗಿ ಎರಡು ಸಲ ಕರೆದದ್ದೇ ತಡ, 5,800 ಕಿ.ಮೀ. ದೂರದವರೊಬ್ಬರು ಹಿಡಿದುಕೊಂಡರು. ನನಗೆ 549 ಕೊಟ್ಟರು, ನಾನು ಅವರಿಗೆ 569 ಕೊಟ್ಟೆ (ನಡುವಿನ ಅಂಕಿ ಸಂಕೇತದ ಬಲ, 1ರಿಂದ 9ರವರೆಗೆ). ಅವರದು 100 ವ್ಯಾಟ್. ನಾಲ್ಕನೆಯ ನಿಮಿಷಕ್ಕೆ ಸಂಪರ್ಕ ಹರಿಯಿತು. ಅವರು ಪ್ರಶ್ನಾರ್ಥಕ ಚಿಹ್ನೆ ಕುಟ್ಟುತ್ತಲೇ ಇದ್ದದ್ದು ನನಗೆ ಕೇಳುತ್ತಿತ್ತು, ನಾನು ಅವರಿಗೆ ಕೇಳುತ್ತಿರಲಿಲ್ಲ.

ಕಡಿಮೆ ಶಕ್ತಿಯ ಅಲೆಗಳನ್ನು ಅಯಾನುಗೋಳ (ರೇಡಿಯೊ ಅಲೆಗಳನ್ನು ನೆಲದತ್ತ ಬಾಗಿಸುವ ಮೇಲಿನ ವಾಯುಪದರಗಳು) ಹೆಚ್ಚು ಹೀರಿಕೊಳ್ಳುತ್ತದೆಯೇ? ಅಥವಾ ಅವು ಅಷ್ಟು ಎತ್ತರಕ್ಕೆ ತಲುಪುವುದೇ ಇಲ್ಲವೇ?

ಬೂದುಮೋಡ

ಹೌದು, ಐದು ವ್ಯಾಟ್ ಎಂದರೆ ಟಾರ್ಚ್ ಬಲ್ಬಿನ ಶಕ್ತಿ. ಹಗಲಿನಲ್ಲಿ ಕೆಳಗಿನ ಡಿ ಪದರವೇ ಅದನ್ನು ತಿಂದು ಮುಗಿಸುತ್ತದೆ. ಮೇಲಿನ ಪದರಕ್ಕೆ ಹೋಗಿ ತಿರುಗಿ ಬರಬೇಕಾದರೆ ತಳ್ಳಲು ಬಲ ಬೇಕು. ಒಂದು ವರ್ಧಕ ಜೋಡಿಸಿಕೊಳ್ಳಿ, ಈ ಪ್ರಶ್ನೆಯೇ ಏಳುವುದಿಲ್ಲ.

ಹಳೆಯಕೀ

ಬೂದುಮೋಡ ಅವರೇ, ಅರ್ಧ ಸರಿ ಹೇಳಿದಿರಿ, ಆದರೆ ತಪ್ಪಾದ ಅರ್ಧದ ಮೇಲೆ ಸಲಹೆ ಕಟ್ಟಿದಿರಿ. ಡಿ ಪದರ ಹೀರುತ್ತದೆ, ನಿಜ. ಆದರೆ ಅದು ಹೀರುವುದು ಪಾಲಿನ ಲೆಕ್ಕದಲ್ಲಿ. ನೂರಕ್ಕೆ ಇಷ್ಟು ಎಂಬ ತೆರಿಗೆಯ ಹಾಗೆ, ಬಡವನಿಗೂ ಶ್ರೀಮಂತನಿಗೂ ದರ ಒಂದೇ. ತೆರಿಗೆ ಕಟ್ಟಿದ ಮೇಲೆ ಶ್ರೀಮಂತನ ಮನೆಯಲ್ಲಿ ದೀಪ ಉರಿಯುತ್ತಲೇ ಇರುತ್ತದೆ, ಬಡವನ ಮನೆಯಲ್ಲಿ ಆರುತ್ತದೆ. ಅಷ್ಟಕ್ಕೆ ತೆರಿಗೆಯವನು ಬಡವನ ಮೇಲೆ ಹಗೆ ಸಾಧಿಸಿದ ಎನ್ನಲಾಗದು.

ಒಳಗೆ ನಡೆಯುವುದು ಇಷ್ಟು. ನೆಲದಿಂದ ಸುಮಾರು 60ರಿಂದ 90 ಕಿ.ಮೀ. ಎತ್ತರದಲ್ಲಿ ಬಿಸಿಲು ಗಾಳಿಯ ಅಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು ಹಾಕಿರುತ್ತದೆ. ನಿಮ್ಮ ಅಲೆ ಬಂದಾಗ ಆ ಎಲೆಕ್ಟ್ರಾನುಗಳು ಅದರ ತಾಳಕ್ಕೆ ತೂಗಾಡುತ್ತವೆ. ತೂಗಾಡುವುದಷ್ಟೇ ಆದರೆ ಶಕ್ತಿಯನ್ನು ಹಿಂದಿರುಗಿಸುತ್ತಿದ್ದವು. ಆದರೆ ಆ ಎತ್ತರದಲ್ಲಿ ಗಾಳಿ ಇನ್ನೂ ದಟ್ಟ. ಎಲೆಕ್ಟ್ರಾನು ಅಣುವಿಗೆ ಢಿಕ್ಕಿ ಹೊಡೆಯುತ್ತದೆ, ಅಲೆಯಿಂದ ಪಡೆದದ್ದು ಶಾಖವಾಗಿ ಹೋಗುತ್ತದೆ. ಇದೇ ಹೀರಿಕೆ. 250–400 ಕಿ.ಮೀ. ಎತ್ತರದ ಎಫ್2 ಪದರದಲ್ಲಿ ಗಾಳಿ ತೀರಾ ತೆಳು, ಢಿಕ್ಕಿ ಕಡಿಮೆ. ಹಾಗಾಗಿ ಅಲ್ಲಿ ಅಲೆ ಸೊರಗದೆ ಬಾಗಿ ನೆಲದತ್ತ ತಿರುಗುತ್ತದೆ. ಬಾಗಿಸಲು "ತಳ್ಳುವ ಬಲ" ಬೇಕಾಗಿಲ್ಲ. ಅಲೆ ಬಾಗುವುದೋ ಪಾರಾಗುವುದೋ ಎಂಬುದನ್ನು ಆವರ್ತನ, ಕೋನ, ಎಲೆಕ್ಟ್ರಾನುಗಳ ಸಾಂದ್ರತೆ ಇವು ಮೂರೇ ನಿರ್ಧರಿಸುತ್ತವೆ. ಆ ಲೆಕ್ಕದಲ್ಲಿ ವ್ಯಾಟ್ ಎಂಬ ಪದವೇ ಬರುವುದಿಲ್ಲ.

ಐದುವ್ಯಾಟ್ ಅವರೇ, ಉತ್ತರ ನಿಮ್ಮ ಲಾಗ್ ಪುಸ್ತಕದಲ್ಲೇ ಇದೆ, ನೀವು ನೋಡಿಲ್ಲ. ಒಂದೇ ದಾರಿ, ಒಂದೇ ಹೊತ್ತು, ಎರಡು ತುದಿಯಲ್ಲೂ ಅದೇ ಆಂಟೆನಾಗಳು. ಅವರ 100 ವ್ಯಾಟ್ ನಿಮಗೆ ಎಸ್6 (ಎಸ್ ಎಂದರೆ ವರದಿಯ ಆ ನಡುವಿನ ಅಂಕಿ), ನಿಮ್ಮ 5 ವ್ಯಾಟ್ ಅವರಿಗೆ ಎಸ್4. ಒಂದು ಎಸ್ ಅಂಕ ಎಂದರೆ 6 ಡಿಬಿ (ಡೆಸಿಬೆಲ್, ಶಕ್ತಿಯ ಅನುಪಾತದ ಅಳತೆ; 10 ಡಿಬಿ ಎಂದರೆ ಹತ್ತು ಪಟ್ಟು). ನೂರಕ್ಕೂ ಐದಕ್ಕೂ ನಡುವಿನ ಅಂತರ 13 ಡಿಬಿ. ಎರಡು ಅಂಕ, ಚೂರು ಹೆಚ್ಚು. ಅಂದರೆ ಆಕಾಶ ಇಬ್ಬರಿಂದಲೂ ಒಂದೇ ದರದಲ್ಲಿ ವಸೂಲಿ ಮಾಡಿದೆ.

ಬೂದುಮೋಡ

ಹಿರಿಯರ ಮಾತನ್ನು ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ದರ ಒಂದೇ ಆದರೆ ಸಂಕೇತದ ಏರಿಳಿತ ಐದು ವ್ಯಾಟಿನವರನ್ನೇ ಏಕೆ ಹೆಚ್ಚು ಕಾಡುತ್ತದೆ? ನಾನು 100 ವ್ಯಾಟಿನಿಂದ ಐದಕ್ಕೆ ಇಳಿಸಿ ನೋಡಿದ್ದೇನೆ. ಐದರಲ್ಲಿ ಸಂಪರ್ಕ ಅರ್ಧಕ್ಕೇ ಕಡಿಯುತ್ತದೆ. ಇದು ಕಿವಿಯಾರೆ ಕೇಳಿದ ಅನುಭವ, ಪುಸ್ತಕದ್ದಲ್ಲ.

ಲೆಕ್ಕಿಗ

ಅನುಭವ ಸರಿ, ಕಾರಣ ಬೇರೆ. ಆ ಸಂಜೆಯ ಸಂಪರ್ಕವನ್ನೇ ಹಿಡಿದು ಲೆಕ್ಕ ಹಾಕೋಣ.

5 ವ್ಯಾಟ್ ಎಂದರೆ 37 ಡಿಬಿಎಂ (ಒಂದು ಮಿಲಿವ್ಯಾಟಿಗೆ ಹೋಲಿಸಿದ ಡಿಬಿ). 14 ಮೆಗಾಹರ್ಟ್ಜ್‌ನಲ್ಲಿ 5,800 ಕಿ.ಮೀ. ಸಾಗುವಾಗ ಬರೀ ಹರಡಿಕೊಳ್ಳುವುದರಿಂದಲೇ ಸುಮಾರು 131 ಡಿಬಿ ನಷ್ಟ. ಅಲ್ಲಿಗೆ ಮೈನಸ್ 94. ಎಫ್2 ಪದರದ ಒಂದು ನೆಗೆತ ಹೆಚ್ಚೆಂದರೆ 4,000 ಕಿ.ಮೀ., ಆದ್ದರಿಂದ ನಿಮ್ಮ ಅಲೆ ನಡುವೆ ಒಮ್ಮೆ ನೆಲ ಮುಟ್ಟಿದೆ. ಆ ಮುಟ್ಟುವಿಕೆ, ಸಂಜೆಯ ಸಣ್ಣ ಹೀರಿಕೆ ಎಲ್ಲ ಸೇರಿ 10 ಡಿಬಿ ಎಂದಿಟ್ಟುಕೊಳ್ಳಿ. ತಲುಪಿದ್ದು ಮೈನಸ್ 104 ಡಿಬಿಎಂ. ಎಸ್9 ಎಂದರೆ ಮೈನಸ್ 73, ಅಲ್ಲಿಂದ ಆರಾರು ಡಿಬಿ ಇಳಿದರೆ ಎಸ್4 ಮೈನಸ್ 103ಕ್ಕೆ ಬರುತ್ತದೆ. ಅವರು ಕೊಟ್ಟದ್ದೂ 549! ಇಷ್ಟು ಸರಿಯಾಗಿ ಕೂಡಿಬಂದದ್ದು ಕಂಡು ನನಗೇ ಅನುಮಾನ ಬಂತು. 10 ಡಿಬಿ ನನ್ನ ಊಹೆ, ಅಷ್ಟನ್ನು ಮರೆಯಬೇಡಿ.

ಈಗ ಗದ್ದಲ. ಮನೆಗಳ ನಡುವೆ ಇರುವ ನಿಲ್ದಾಣದಲ್ಲಿ ಈ ಬ್ಯಾಂಡಿನ ಗದ್ದಲ, ಮಾತಿಗೆ ಬೇಕಾದ 2,500 ಹರ್ಟ್ಜ್ ಅಗಲದಲ್ಲಿ, ಹೆಚ್ಚುಕಡಿಮೆ ಮೈನಸ್ 99 ಡಿಬಿಎಂ ಇರುತ್ತದೆ. 500 ಹರ್ಟ್ಜ್‌ನ ಮೋರ್ಸ್ ಸೋಸುಕ ಹಾಕಿದರೆ ಅದು ಮೈನಸ್ 106ಕ್ಕೆ ಇಳಿಯುತ್ತದೆ. ನಿಮ್ಮ ಸಂಕೇತ ಗದ್ದಲದ ಮೇಲೆ ಬರೀ 2 ಡಿಬಿ ತಲೆಯೆತ್ತಿತ್ತು. ಅದೇ ಶಕ್ತಿಯಲ್ಲಿ ಮಾತಿನಲ್ಲಿ ಕರೆದಿದ್ದರೆ ಮುಳುಗಿಯೇ ಇರುತ್ತಿತ್ತು. 100 ವ್ಯಾಟಿನ ಸಂಕೇತ ಮೈನಸ್ 91ರಲ್ಲಿ, 15 ಡಿಬಿ ಮೇಲೆ.

ಈಗ 10 ಡಿಬಿ ಏರಿಳಿತ ಬರಲಿ. ನೂರರವರಿಗೆ ಇನ್ನೂ 5 ಡಿಬಿ ಉಳಿಯುತ್ತದೆ. ಐದರವರು ಗದ್ದಲದ ಕೆಳಗೆ 8 ಡಿಬಿ. ಇಬ್ಬರಿಗೂ ಕುಸಿತ ಅಷ್ಟೇ. ಒಬ್ಬರು ಎದೆಮಟ್ಟದ ನೀರಿನಲ್ಲಿ ನಿಂತಿದ್ದರು, ಇನ್ನೊಬ್ಬರಿಗೆ ನೀರು ಮೂಗಿನವರೆಗೆ ಬಂದಿತ್ತು. ಅವರ ಪ್ರಶ್ನಾರ್ಥಕ ಚಿಹ್ನೆ ನಿಮಗೆ ಕೇಳುತ್ತಲೇ ಇದ್ದುದಕ್ಕೂ ನೀವು ಅವರಿಗೆ ಮಾಯವಾದುದಕ್ಕೂ ಕಾರಣ ಇದು.

ಹಳೆಯಕೀ

ಏರಿಳಿತದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಒಂದೇ ಸಂಕೇತ ಎರಡು ಮೂರು ದಾರಿಯಲ್ಲಿ ತಲುಪುತ್ತದೆ. ಪದರ ಅಲುಗಾಡುತ್ತಲೇ ಇರುವುದರಿಂದ ಅವು ಒಮ್ಮೆ ಕೂಡಿಕೊಂಡು ಉಬ್ಬುತ್ತವೆ, ಒಮ್ಮೆ ಪರಸ್ಪರ ಕಳೆದುಕೊಂಡು ಕುಗ್ಗುತ್ತವೆ. ಭೂಮಿಯ ಕಾಂತಕ್ಷೇತ್ರ ಅಲೆಯನ್ನು ಎರಡಾಗಿ ಸೀಳಿ ಅದರ ಧ್ರುವೀಕರಣವನ್ನೂ ತಿರುಗಿಸುತ್ತದೆ. ಡೈಪೋಲ್ ಅಡ್ಡ ಇರಬೇಕೋ ಉದ್ದ ಇರಬೇಕೋ ಎಂದು ದೂರದ ಸಂಪರ್ಕಕ್ಕಾಗಿ ಜಗಳವಾಡುವುದು ಅದಕ್ಕೇ ವ್ಯರ್ಥ. ಹೋಗುವಾಗ ಹೇಗಿತ್ತೋ ಹಾಗೆ ಅದು ಇಳಿಯುವುದಿಲ್ಲ.

ಉಬ್ಬು ಕೆಲವೊಮ್ಮೆ ಐದಾರು ಸೆಕೆಂಡಷ್ಟೇ ನಿಲ್ಲುತ್ತದೆ. ನಿಮಿಷಕ್ಕೆ ಹನ್ನೆರಡು ಪದಗಳ ವೇಗದಲ್ಲಿ ಆರು ಅಕ್ಷರದ ಕರೆಸಂಕೇತ (ನಿಲ್ದಾಣದ ಗುರುತು) ಕುಟ್ಟಲು ಏಳು ಸೆಕೆಂಡು ಬೇಕು. ಕೊನೆಯ ಅಕ್ಷರ ಯಾವಾಗಲೂ ಹೊಂಡಕ್ಕೆ ಬೀಳುತ್ತದೆ. ಹದಿನೆಂಟಕ್ಕೆ ಏರಿಸಿ, ಐದು ಸೆಕೆಂಡಿನೊಳಗೆ ಮುಗಿಯುತ್ತದೆ. ಎರಡು ಸಲ ಕುಟ್ಟಿ.

ತಂತಿಯಕ್ಕ

ವೇಗ ಏರಿಸುವ ಸಲಹೆಗೆ ನನ್ನ ತಕರಾರಿದೆ. ದುರ್ಬಲ ಸಂಕೇತವನ್ನು ಕಿವಿಯಲ್ಲಿ ಹೆಕ್ಕುವವರಿಗೆ ನಿಧಾನವೇ ಸುಖ. ಉಬ್ಬು ಸಣ್ಣದಾಗಿದ್ದರೆ ವೇಗ, ಸಂಕೇತ ಒಂದೇ ಸಮನೆ ಸಣಕಲಾಗಿದ್ದರೆ ನಿಧಾನ. ಮೊದಲು ಆಲಿಸಿ, ಆಮೇಲೆ ಕುಟ್ಟಿ.

ನನಗೆ ಅಚ್ಚರಿಯಾದದ್ದು, ಇಷ್ಟು ಹೊತ್ತು ಆಕಾಶದ ಮಾತಾಡಿದರೂ ಏಳು ಮೀಟರ್ ಎತ್ತರದ ಬಗ್ಗೆ ಒಬ್ಬರೂ ಚಕಾರ ಎತ್ತದಿರುವುದು! 20 ಮೀಟರ್ ಬ್ಯಾಂಡಿಗೆ ಅದು ತರಂಗಾಂತರದ ಮೂರನೇ ಒಂದು ಭಾಗ. ಅಂಥ ಡೈಪೋಲ್ ತನ್ನ ಶಕ್ತಿಯ ಬಹುಪಾಲನ್ನು 50 ಡಿಗ್ರಿ ಆಸುಪಾಸಿನಲ್ಲಿ ಮೇಲಕ್ಕೆ ಎಸೆಯುತ್ತದೆ. ದೂರದ ನೆಗೆತಕ್ಕೆ ಬೇಕಾದದ್ದು 5ರಿಂದ 15 ಡಿಗ್ರಿ. ನೆಲ ಒಳ್ಳೆಯ ವಾಹಕ ಎಂದುಕೊಂಡು ಲೆಕ್ಕ ಹಾಕಿದರೆ, ಏಳರಿಂದ ಹತ್ತೂವರೆ ಮೀಟರಿಗೆ ಏರಿಸಿದಾಗ 15 ಡಿಗ್ರಿಯಲ್ಲಿ 3 ಡಿಬಿ ಲಾಭ. ಅಂದರೆ ನಿಮ್ಮ ಐದು ವ್ಯಾಟ್ ಹತ್ತಾದ ಹಾಗೆ. ವರ್ಧಕವಿಲ್ಲ, ಬರೀ ಉದ್ದನೆಯ ಬಿದಿರು ಗಳ ಸಾಕು. ಕೇಳುವಾಗಲೂ ಅದೇ ಲಾಭ, ವರ್ಧಕದಿಂದ ಅದು ಸಿಗುವುದಿಲ್ಲ.

ಹೊಸಕಿವಿ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಪೆದ್ದುತನವೊಂದನ್ನು ಹೇಳಿಬಿಡುತ್ತೇನೆ. ಒಂದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ 20 ಮೀಟರಿನಲ್ಲಿ ಮೂರು ನಿಲ್ದಾಣಗಳನ್ನು ಕೇಳುತ್ತಿದ್ದೆ. ಒಂದೆರಡು ನಿಮಿಷದೊಳಗೆ ಎಲ್ಲವೂ ಸತ್ತವು. ಬರೀ ಸುಯ್‌ಗುಡುವಿಕೆ. ಕೇಬಲ್ ಬಿಚ್ಚಿದೆ, ಕನೆಕ್ಟರಿನ ಬೆಸುಗೆ ಕರಗಿಸಿ ಮತ್ತೆ ಹಾಕಿದೆ, ಬೆರಳು ಸುಟ್ಟುಕೊಂಡೆ. ಮುಕ್ಕಾಲು ಗಂಟೆಯ ನಂತರ ಆಂಟೆನಾ ಜೋಡಿಸಿದರೆ ಎಲ್ಲ ಮೊದಲಿನಂತೆ ಕೇಳುತ್ತಿದೆ. ನನ್ನ ಬೆಸುಗೆಯ ಕೈಗುಣ ಎಂದು ಒಂದು ವಾರ ಬೀಗಿದೆ. ಆಮೇಲೆ ಗೊತ್ತಾಯಿತು, ಆ ಹೊತ್ತಿಗೆ ಸೂರ್ಯನಲ್ಲಿ ಜ್ವಾಲೆ ಎದ್ದಿತ್ತಂತೆ.

ಹಳೆಯಕೀ

ಬೆಸುಗೆ ವ್ಯರ್ಥವಾಗಲಿಲ್ಲ ಬಿಡಿ, ಕನೆಕ್ಟರ್ ಗಟ್ಟಿಯಾಯಿತು! ಜ್ವಾಲೆಯ ಎಕ್ಸ್-ಕಿರಣ ಎಂಟು ನಿಮಿಷ ಚಿಲ್ಲರೆಯಲ್ಲಿ ಇಲ್ಲಿಗೆ ಬಂದು ಹಗಲಿನ ಬದಿಯ ಡಿ ಪದರವನ್ನು ಒಮ್ಮೆಲೇ ದಟ್ಟವಾಗಿಸುತ್ತದೆ. ತಗ್ಗಿನ ಬ್ಯಾಂಡುಗಳು ಮೊದಲು ಸಾಯುತ್ತವೆ, ಕೊನೆಗೆ ಚೇತರಿಸಿಕೊಳ್ಳುತ್ತವೆ. ಹಾಗೆ ಆದಾಗ ಉಪಕರಣ ಬಿಚ್ಚುವ ಮೊದಲು 15 ಅಥವಾ 10 ಮೀಟರಿಗೆ ಹೋಗಿ ನೋಡಿ. ಅಲ್ಲಿ ಜೀವವಿದ್ದರೆ ತಪ್ಪು ನಿಮ್ಮದಲ್ಲ. ರಾತ್ರಿಯ ಬದಿಯಲ್ಲಿರುವವರಿಗೆ ಇದರ ಸುಳಿವೂ ಸಿಗುವುದಿಲ್ಲ.

ಐದುವ್ಯಾಟ್

ಎಲ್ಲರಿಗೂ ಧನ್ಯವಾದ. ಲೆಕ್ಕಿಗರ ಲೆಕ್ಕವನ್ನು ಕಾಗದದ ಮೇಲೆ ನಾನೇ ಮತ್ತೊಮ್ಮೆ ಮಾಡಿದೆ, ಕೂಡಿಬಂತು. ಹಾಗಾದರೆ ಮಧ್ಯಾಹ್ನದ 40 ಮೀಟರ್ ಏಕೆ ಕೈಕೊಟ್ಟಿತು? ಇನ್ನೊಂದು, ಸೌರ ಅಂಕಿಗಳನ್ನು ದಿನವೂ ನೋಡುತ್ತೇನೆ, 150 ಎಂದಿರುತ್ತದೆ, 170 ಎಂದಿರುತ್ತದೆ. ಅದನ್ನು ಇಟ್ಟುಕೊಂಡು ಐದು ವ್ಯಾಟಿನವನು ಏನು ಮಾಡಬೇಕು?

ಲೆಕ್ಕಿಗ

ಈ ಪ್ರಶ್ನೆಯಲ್ಲೇ ಕಿರುಶಕ್ತಿಯ ಗುಟ್ಟೆಲ್ಲ ಇದೆ ಎಂದು ನನಗನಿಸುತ್ತದೆ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಯಾವುದೇ ದಾರಿಗೆ ಒಂದು ಮೇಲ್ಮಿತಿ ಇರುತ್ತದೆ, ಅದನ್ನು ಎಂಯುಎಫ್ ಎನ್ನುತ್ತೇವೆ. ಅದಕ್ಕಿಂತ ಹೆಚ್ಚಿನ ಆವರ್ತನದ ಅಲೆ ಬಾಗದೆ ಬಾಹ್ಯಾಕಾಶಕ್ಕೆ ಹೋಗಿಬಿಡುತ್ತದೆ. ನೇರ ಮೇಲಕ್ಕೆ ಕಳಿಸಿದಾಗ ತಿರುಗಿ ಬರುವ ಗರಿಷ್ಠ ಆವರ್ತನ 8 ಮೆಗಾಹರ್ಟ್ಜ್ ಇದ್ದರೆ, 3,000 ಕಿ.ಮೀ. ದಾರಿಗೆ ಎಂಯುಎಫ್ ಅದರ ಮೂರು ಪಟ್ಟಿನ ಹತ್ತಿರ, ಅಂದರೆ 24 ಆಸುಪಾಸು. ಓರೆಯಾಗಿ ಹೋಗುವ ಅಲೆ ಸುಲಭವಾಗಿ ಬಾಗುವುದೇ ಕಾರಣ. ಈ ಮೇಲ್ಮಿತಿ ಒಂದು ವ್ಯಾಟಿಗೂ ಸಾವಿರ ವ್ಯಾಟಿಗೂ ಒಂದೇ.

ಕೆಳಮಿತಿಯೂ ಇದೆ, ಎಲ್‌ಯುಎಫ್. ಅದಕ್ಕಿಂತ ಕೆಳಗೆ ಡಿ ಪದರದ ಹೀರಿಕೆಯಿಂದ ಸಂಕೇತ ಗದ್ದಲದಲ್ಲಿ ಮುಳುಗುತ್ತದೆ. ಈ ಕೆಳಮಿತಿ ಮಾತ್ರ ನಿಮ್ಮ ವ್ಯಾಟನ್ನು ಅವಲಂಬಿಸಿದೆ. ನೂರು ವ್ಯಾಟಿನವರಿಗೆ ಮಧ್ಯಾಹ್ನದ ಯಾವುದೋ ದಾರಿಯಲ್ಲಿ ಅದು 7ಕ್ಕಿಂತ ಕೆಳಗಿದ್ದರೆ, ನಿಮಗೆ 10ರ ಹತ್ತಿರಕ್ಕೆ ಏರಿರಬಹುದು. ಶಕ್ತಿ ಇಳಿಸಿದಂತೆ ಕಿಟಕಿ ಕೆಳಗಡೆಯಿಂದ ಮುಚ್ಚಿಕೊಳ್ಳುತ್ತದೆ. ಮೇಲಿನ ಅಂಚು ಕದಲುವುದಿಲ್ಲ. ಅಂದ ಮೇಲೆ ನಿಮ್ಮ ಜಾಗ ಮೇಲಿನ ಅಂಚಿನ ಹತ್ತಿರ, ಎಂಯುಎಫ್‌ಗಿಂತ ತುಸು ಕೆಳಗೆ. ವೃತ್ತಿಪರರು ಅದರ 85 ಪ್ರತಿಶತ ಹಿಡಿಯುತ್ತಿದ್ದರು.

ಹೀರಿಕೆ ಆವರ್ತನದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ. ಆವರ್ತನ ಇಮ್ಮಡಿಯಾದರೆ ಡಿಬಿಯ ಲೆಕ್ಕದಲ್ಲಿ ನಷ್ಟ ಹೆಚ್ಚುಕಡಿಮೆ ಕಾಲುಭಾಗಕ್ಕೆ ಬರುತ್ತದೆ. 7 ಮೆಗಾಹರ್ಟ್ಜ್‌ನಲ್ಲಿ 24 ಡಿಬಿ ತಿನ್ನುತ್ತಿದ್ದ ಮಧ್ಯಾಹ್ನದ ಪದರ 14ರಲ್ಲಿ 6 ಡಿಬಿ ತಿನ್ನುತ್ತದೆ. ಆ 18 ಡಿಬಿ ಉಳಿತಾಯ ಐದು ವ್ಯಾಟನ್ನು 300 ವ್ಯಾಟಿಗಿಂತ ಮೇಲೆ ಒಯ್ದ ಹಾಗೆ. ಮಧ್ಯಾಹ್ನ ಹನ್ನೆರಡಕ್ಕೆ 40 ಮೀಟರಿನಲ್ಲಿ ದೂರದವರನ್ನು ಕೂಗುವುದು ಎಂದರೆ ನಿಮ್ಮ ಬಳಿ ಏನು ಕಡಿಮೆಯೋ ಅದನ್ನೇ ಕೇಳುವ ಅಂಗಡಿಗೆ ಹೋದಂತೆ. ಹತ್ತಿರದ 200–300 ಕಿ.ಮೀ.ಯವರು ಸಿಗಬಹುದಿತ್ತು, ನಿಮ್ಮ ತಗ್ಗಿನ ಡೈಪೋಲ್ ಅದಕ್ಕೆ ಸೊಗಸಾಗಿಯೇ ಇದೆ.

ಸೌರ ಅಂಕಿ ಎಂದರೆ 10.7 ಸೆಂ.ಮೀ. ತರಂಗಾಂತರದಲ್ಲಿ ಸೂರ್ಯನ ರೇಡಿಯೊ ಹೊಳಪು. ಕೆನಡಾದಲ್ಲಿ 1947ರಿಂದ ಅಳೆಯುತ್ತ ಬಂದಿದ್ದಾರೆ. ಸೌರಚಕ್ರದ ತಳದಲ್ಲಿ ಅದು 70ರ ಸುತ್ತ, ಶಿಖರದಲ್ಲಿ 200 ದಾಟುತ್ತದೆ. ಹೆಚ್ಚಿದ್ದರೆ ಎಂಯುಎಫ್ ಏರಿ 15, 12, 10 ಮೀಟರ್ ತೆರೆಯುತ್ತವೆ. ಆ ಬ್ಯಾಂಡುಗಳಲ್ಲಿ ಹೀರಿಕೆಯೂ ಕಡಿಮೆ, ಗದ್ದಲವೂ ಕಡಿಮೆ. ಕಿರುಶಕ್ತಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಒಂದು ದಿನದ ಅಂಕಿಗೆ ಕುಣಿಯಬೇಡಿ, ವಾರದ ಸರಾಸರಿ ನೋಡಿ. ಜೊತೆಗೆ ಭೂಕಾಂತದ ಕಲಕಾಟವನ್ನು 0ಯಿಂದ 9ರವರೆಗೆ ಅಳೆಯುವ ಕೆ ಅಂಕ. ಅದು 2ಕ್ಕಿಂತ ಕೆಳಗಿದ್ದರೆ ನೆಮ್ಮದಿ, 5 ಮುಟ್ಟಿದರೆ ಬಿರುಗಾಳಿ. 2024ರ ಮೇ 10–11ರಂದು ಅದು ತುತ್ತತುದಿಯ 9ಕ್ಕೆ ಹೋಗಿತ್ತು. ಅಂಥ ಬಿರುಗಾಳಿಯ ಮರುದಿನಗಳಲ್ಲಿ ಎಫ್2 ಸೊರಗಿ ಮೇಲ್ಮಿತಿಯೇ ಕುಸಿಯುತ್ತದೆ. ಮೇಲಿನಿಂದಲೂ ಕೆಳಗಿನಿಂದಲೂ ಕಿಟಕಿ ಮುಚ್ಚಿದಾಗ ಬೆಸುಗೆ ಕೆಲಸ ಇಟ್ಟುಕೊಳ್ಳುವುದು ವಾಸಿ.

ಬೂದುಮೋಡ

ಸೋತೆ, ಆದರೆ ಒಂದು ಕೊಕ್ಕೆ ಹಾಕಿಯೇ ಹೋಗುತ್ತೇನೆ. "ಅಯಾನುಗೋಳಕ್ಕೆ ವ್ಯಾಟ್ ಗೊತ್ತಿಲ್ಲ" ಎನ್ನುವುದು ಪೂರ್ತಿ ನಿಜವಲ್ಲ. 1933ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಟೆಲೆಗೆನ್ ಎಂಬ ವಿಜ್ಞಾನಿ ಸ್ವಿಟ್ಜರ್‌ಲೆಂಡಿನ ಬೆರೊಮುನ್‌ಸ್ಟರ್ ಬಾನುಲಿಯನ್ನು ಕೇಳುತ್ತಿದ್ದಾಗ, ಅದರ ಹಿಂದೆ ಲಕ್ಸೆಂಬರ್ಗ್ ನಿಲ್ದಾಣದ ಕಾರ್ಯಕ್ರಮ ಕೇಳಿಸಿತು. ಎರಡರ ಆವರ್ತನವೇ ಬೇರೆ. ಲಕ್ಸೆಂಬರ್ಗಿನ ಭಾರೀ ಶಕ್ತಿ ಪದರವನ್ನೇ ಬಿಸಿಮಾಡಿ, ಅದರ ಮೂಲಕ ಹಾದುಹೋಗುವ ಇನ್ನೊಂದು ಅಲೆಯ ಮೇಲೆ ತನ್ನ ದನಿ ಅಚ್ಚೊತ್ತಿತ್ತು.

ಹಳೆಯಕೀ

ಒಳ್ಳೆಯ ಕೊಕ್ಕೆ, ಒಪ್ಪಿದೆ. ಆದರೆ ಅದು ನೂರಾರು ಕಿಲೊವ್ಯಾಟಿನ ಮಾತು. ನಿಮ್ಮ ವರ್ಧಕದಿಂದ ಆಕಾಶ ಬೆಚ್ಚಗಾಗುವುದಿಲ್ಲ.

ಹೊಸಕಿವಿ

ಕಂಪ್ಯೂಟರ್ ವಿಧಾನಗಳಲ್ಲಿ 200 ಮಿಲಿವ್ಯಾಟ್ ಕೂಡ ಖಂಡಾಂತರ ಹೋಗುತ್ತದೆ ಎನ್ನುತ್ತಾರೆ. ಅಲ್ಲಿ ಅಯಾನುಗೋಳ ಬೇರೆ ರೀತಿ ನಡೆದುಕೊಳ್ಳುತ್ತದೆಯೇ?

ಲೆಕ್ಕಿಗ

ಇಲ್ಲ, ಕಿವಿ ಬೇರೆ ಅಷ್ಟೇ. ನೊಬೆಲ್ ಪಡೆದ ಖಗೋಳ ಭೌತವಿಜ್ಞಾನಿ ಜೋ ಟೇಲರ್ 2008ರಲ್ಲಿ ಹೊರತಂದ ಡಬ್ಲ್ಯೂಎಸ್‌ಪಿಆರ್ ವಿಧಾನ 6 ಹರ್ಟ್ಜ್ ಅಗಲದಲ್ಲಿ 110 ಸೆಕೆಂಡು ಹಿಡಿದು ಕರೆಸಂಕೇತ, ಸ್ಥಾನ, ಶಕ್ತಿ ಇಷ್ಟನ್ನೇ ಕಳಿಸುತ್ತದೆ. 2,500 ಹರ್ಟ್ಜ್ ಅಗಲದ ಗದ್ದಲಕ್ಕಿಂತ ಸುಮಾರು 28 ಡಿಬಿ ಕೆಳಗಿದ್ದರೂ ಬಿಡಿಸಿಕೊಳ್ಳುತ್ತದೆ. ಆ ಸಂಜೆಯ ದಾರಿಯಲ್ಲೇ 200 ಮಿಲಿವ್ಯಾಟ್ ಕಳಿಸಿದ್ದರೆ ಮೈನಸ್ 118ಕ್ಕೆ, ಅಂದರೆ ಗದ್ದಲದ 19 ಡಿಬಿ ಕೆಳಗೆ ತಲುಪುತ್ತಿತ್ತು. ಇನ್ನೂ 9 ಡಿಬಿ ಮಿಗುತ್ತಿತ್ತು. ಸಣ್ಣ ಏರಿಳಿತಗಳು ಆ ಎರಡು ನಿಮಿಷದಲ್ಲಿ ಸರಾಸರಿಯಾಗಿ ಹೋಗುತ್ತವೆ.

ತಂತಿಯಕ್ಕ

ಅದೆಲ್ಲ ಚೆನ್ನ, ಆದರೆ ಅದರಲ್ಲಿ ಹರಟೆ ಇಲ್ಲವಲ್ಲ. ಐದುವ್ಯಾಟ್ ತಮ್ಮಾ, ಕಂಪ್ಯೂಟರ್ ಬೇಡದ ಒಂದು ಪರೀಕ್ಷೆ ಹೇಳುತ್ತೇನೆ. 14.100 ಮೆಗಾಹರ್ಟ್ಜ್‌ಗೆ ಹೋಗಿ ಸುಮ್ಮನೆ ಕುಳಿತುಕೋ. ಜಗತ್ತಿನ ಬೇರೆಬೇರೆ ಕಡೆ ಇರುವ 18 ದಾರಿದೀಪ ನಿಲ್ದಾಣಗಳು ಸರದಿಯಲ್ಲಿ ಹತ್ತತ್ತು ಸೆಕೆಂಡು ಕೂಗುತ್ತವೆ. ಮೂರು ನಿಮಿಷಕ್ಕೆ ಒಂದು ಸುತ್ತು. ಪ್ರತಿಯೊಂದೂ ಕರೆಸಂಕೇತವನ್ನು 100 ವ್ಯಾಟಿನಲ್ಲಿ ಕುಟ್ಟಿ, ನಂತರ ಒಂದೊಂದು ಸೆಕೆಂಡಿನ ನಾಲ್ಕು ಗೆರೆ ಎಳೆಯುತ್ತದೆ. ಮೊದಲನೆಯದು 100 ವ್ಯಾಟ್, ಎರಡನೆಯದು 10, ಮೂರನೆಯದು 1, ನಾಲ್ಕನೆಯದು 0.1. ಎಷ್ಟನೆಯ ಗೆರೆಯವರೆಗೆ ಕೇಳುತ್ತದೆಯೋ ಬರೆದುಕೋ. ಎರಡನೆಯದು ಸ್ಪಷ್ಟವಾಗಿ ಕೇಳಿದರೆ ನಿನ್ನ ಐದು ವ್ಯಾಟಿಗೆ ಆ ದಿಕ್ಕಿನಲ್ಲಿ ದಾರಿ ಇದೆ.

ಐದುವ್ಯಾಟ್ (ಎಂಟು ದಿನಗಳ ನಂತರ)

ಅಕ್ಕಾ, ಗಳವನ್ನು ಹತ್ತು ಮೀಟರಿಗೆ ಏರಿಸಿದೆ. ಏಳು ಸಂಜೆ 14.100ರಲ್ಲಿ ಕುಳಿತೆ. ಮೊದಲ ಎರಡು ದಿನ ಮೊದಲ ಗೆರೆಯಾಚೆ ಏನೂ ಇಲ್ಲ, ಕೆ ಅಂಕ 5 ಇತ್ತು. ಮೂರನೆಯ ದಿನದಿಂದ ಎರಡನೆಯ ಗೆರೆ ಬಂತು. ನಿನ್ನೆ ಸೂರ್ಯಾಸ್ತಕ್ಕೆ ಇಪ್ಪತ್ತು ನಿಮಿಷ ಮುಂಚೆ ಒಂದು ದಾರಿದೀಪದ ಗೆರೆಗಳು ಮೆಟ್ಟಿಲಿಳಿದ ಹಾಗೆ ಕೇಳಿದವು. ಮೊದಲನೆಯದು ಗಟ್ಟಿ, ಎರಡನೆಯದು ಸಲೀಸು. ಮೂರನೆಯದನ್ನು ಉಸಿರು ಬಿಗಿಹಿಡಿದು ಕೇಳಿದೆ, ಗದ್ದಲದ ನಡುವೆ ಸೂಜಿಯಷ್ಟು ಸಣ್ಣ ದನಿ, ಆದರೆ ಇತ್ತು. ಒಂದು ವ್ಯಾಟ್! ನಾಲ್ಕನೆಯದು ಇತ್ತೋ ನನ್ನ ಆಸೆಯೋ ಹೇಳಲಾರೆ.

ತಕ್ಷಣ ಕೆಳಗಿಳಿದು 14.060ರಲ್ಲಿ ಹದಿನೆಂಟರ ವೇಗದಲ್ಲಿ ಕರೆದೆ. 7,400 ಕಿ.ಮೀ. ದೂರದವರೊಬ್ಬರು ಬಂದರು. ನನಗೆ 559. ನಾನು ಕೊಟ್ಟದ್ದೂ 559, ಅವರ ಶಕ್ತಿ ಎಷ್ಟೆಂದು ಕೇಳಿದೆ. ಅವರದೂ ಐದು ವ್ಯಾಟ್. ಹನ್ನೊಂದು ನಿಮಿಷ ಮಾತಾಡಿದೆವು. ಎರಡು ಸಲ ಮುಳುಗಿದರು, ಎರಡು ಸಲವೂ ಎದ್ದು ಬಂದರು. 73 (ವಿದಾಯದ ಶುಭಾಶಯ) ಹೇಳಿದ್ದು ಪೂರ್ತಿ ಕೇಳಿಸಿತು.